ಬೆಟ್ಟದ ಚಿತ್ರದಲ್ಲಿ ಯಾರಿಲ್ಲ?

1/8
ಕ್ರಾಪ್ ಮಾಡಿದ ಫೋಟೋ

ಕಳೆದ ವರ್ಷ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಇಲ್ಲೇ ಒಂದು ಫೋಟೋ ಹಾಕಿದ್ದೆ, ನೆನಪಿದೆಯಾ? ಗಿಡಗಳ ಮೇಲೆ ಬಿಳಿ ಹೂವಿನ ಸಾಲು, ಹಿಂದೆ ನೆಟ್ಟಗೆ ನಿಂತ ಸಿಲ್ವರ್ ಓಕ್, ಅದರ ಹಿಂದೆ ಮಂಜು, ಕೊನೆಗೆ ನೀಲಿ ಬೆಟ್ಟ. ನನ್ನ ಪೇಜಿನಲ್ಲಿ ಅದಕ್ಕೆ ಬಂದಷ್ಟು ಲೈಕ್ ಬೇರೆ ಯಾವುದಕ್ಕೂ ಬಂದಿಲ್ಲ.

ಮಾರನೇ ದಿನ ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಗೆಳತಿ ಫೋನ್ ತೋರಿಸಿ ಕೇಳಿದಳು: "ಇದು ನಮ್ಮ ತೋಟ ಅಲ್ವಾ? ನಮ್ಮ ಮನೆ ಎಲ್ಲಿ ಹೋಯ್ತು?"

'ನಮ್ಮ ತೋಟ' ಅಂದಳು. ತೋಟ ಅವಳದ್ದಲ್ಲ. ಅವಳ ಅಪ್ಪ ಅಮ್ಮ ಅಲ್ಲಿ ಕೆಲಸಕ್ಕಿದ್ದಾರೆ, ಲೈನ್ ಮನೆಯಲ್ಲಿದ್ದಾರೆ. ಯರವ ಸಮುದಾಯದವರು. ನಾನು ತೆಗೆದ ಮೂಲ ಫೋಟೋದಲ್ಲಿ ಎಡಗಡೆ ಕೆಳಮೂಲೆಗೆ ಆ ಲೈನ್ ಮನೆಯ ಶೀಟು, ಅದರ ಮೇಲೆ ಹೊದಿಸಿದ ನೀಲಿ ಟಾರ್ಪಾಲು, ಒಣಗಲು ಹಾಕಿದ ಬಟ್ಟೆ ಎಲ್ಲಾ ಇತ್ತು. ಹಾಕುವ ಮೊದಲು ನಾನೇ ಕ್ರಾಪ್ ಮಾಡಿದ್ದೆ. ಯಾಕೆ ಅಂದ್ರೆ 'ಫ್ರೇಮ್ ಹಾಳಾಗುತ್ತೆ' ಅಂತ.

ಅವಳು ಜಗಳಕ್ಕೆ ಬಂದಿರಲಿಲ್ಲ, ಸುಮ್ಮನೆ ಕೇಳಿದ್ದು. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಒಂದು ಮನೆ ಇದ್ದರೆ ಬೆಟ್ಟದ ಚಿತ್ರ ಹಾಳಾಗುತ್ತೆ ಅನ್ನೋ ಬುದ್ಧಿ ನನಗೆ ಕಲಿಸಿದವರು ಯಾರು? ಯಾರೂ ಪಾಠ ಮಾಡಿದ್ದಲ್ಲ. ಆದರೂ ಬೆರಳು ತಾನಾಗಿಯೇ ಆ ಮೂಲೆಯನ್ನು ಕತ್ತರಿಸಿತ್ತು.

ಅದನ್ನು ಹುಡುಕುತ್ತಾ ಇನ್ನೂರ ಎಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಬಂದೆ. ನಿಸರ್ಗಚಿತ್ರ ಅಂದ್ರೆ ಬರೀ ಮರ, ಮೋಡ, ಬೆಟ್ಟ ಅಂದುಕೊಂಡಿದ್ದೆ. ಅದರೊಳಗೆ ಜಮೀನಿದೆ, ಯುದ್ಧವಿದೆ, ಕೂಲಿಯಿದೆ. ಎಂಟು ಕಂತಲ್ಲಿ ಹೇಳ್ತೀನಿ. ಪರೀಕ್ಷೆಗೆ ಬರಲ್ಲ, ಆದರೂ ಓದಿ.

2/8
ಗೋಧಿ ಕೊಯ್ದವರು ಎಲ್ಲಿ?

ಮೊದಲು ದೂರದ ಒಂದು ಚಿತ್ರ ನೋಡಿ, ಕಣ್ಣು ಪಳಗಲಿ. 'ಮಿಸ್ಟರ್ ಅಂಡ್ ಮಿಸೆಸ್ ಆಂಡ್ರೂಸ್' ಅಂತ ಹುಡುಕಿ, ಸಿಗುತ್ತೆ. ಇಂಗ್ಲೆಂಡಿನ ಥಾಮಸ್ ಗೇನ್ಸ್‌ಬರೋ ಸುಮಾರು 1750ರಲ್ಲಿ ಬರೆದದ್ದು. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಎಡಗಡೆ ದೊಡ್ಡ ಓಕ್ ಮರ. ಅದರ ಬುಡದಲ್ಲಿ ಬೆಂಚಿನ ಮೇಲೆ ನೀಲಿ ಉಡುಪಿನ ಹೆಂಡತಿ ಕೂತಿದ್ದಾಳೆ. ಪಕ್ಕದಲ್ಲಿ ಕಂಕುಳಿಗೆ ಕೋವಿ ಸಿಕ್ಕಿಸಿಕೊಂಡು ಗಂಡ ನಿಂತಿದ್ದಾನೆ, ಅವನ ಪಕ್ಕ ನಾಯಿ. ಬಲಗಡೆ ಪೂರ್ತಿ ಅವರ ಎಸ್ಟೇಟು. ಗೋಧಿ ಕೊಯ್ದು, ಹೊರೆ ಕಟ್ಟಿ, ಸಾಲಾಗಿ ನಿಲ್ಲಿಸಿದ್ದಾರೆ.

ಈಗ ಕೇಳಿ: ಕೊಯ್ದವರು ಯಾರು? ಇಡೀ ಹೊಲದಲ್ಲಿ ಒಬ್ಬ ಆಳೂ ಇಲ್ಲ. ಕೆಲಸ ಮುಗಿದಿದೆ, ಕೆಲಸದವರು ಮಾಯ. ಹುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆಯನ್ನು ಕಂಡವರಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತೆ. ಅಷ್ಟು ಗದ್ದೆ ತಾನಾಗಿ ಕೊಯ್ದುಕೊಳ್ಳಲ್ಲ.

ಕೋವಿಯನ್ನೂ ನೋಡಿ. ಆ ಕಾಲದ ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ಕಾನೂನಿನ ಪ್ರಕಾರ ಜಮೀನಿದ್ದವರದ್ದು. ಹಾಗಾಗಿ ಕಂಕುಳಲ್ಲಿರೋ ಕೋವಿ 'ಈ ನೆಲ ನಂದು' ಅಂತ ಹೇಳುತ್ತೆ. ಕೋವಿಗೂ ನೆಲಕ್ಕೂ ಮಾನಕ್ಕೂ ಏನು ನಂಟು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾ?

ಜಾನ್ ಬರ್ಜರ್ ಅನ್ನೋ ವಿಮರ್ಶಕ 1972ರಲ್ಲಿ ಬಿಬಿಸಿಗೆ ಮಾಡಿದ 'ವೇಸ್ ಆಫ್ ಸೀಯಿಂಗ್' ಕಾರ್ಯಕ್ರಮದಲ್ಲಿ ಇದೇ ಚಿತ್ರ ಹಿಡಿದು ವಾದ ಮಾಡಿದ. ಇವರು ನಿಸರ್ಗವನ್ನು ಸವಿಯುತ್ತಿರಬಹುದು, ಆದರೆ ಮೊದಲಿಗೆ ಇವರು ಈ ನೆಲದ ಒಡೆಯರು, ಆ ಒಡೆತನ ನಿಂತ ಭಂಗಿಯಲ್ಲೇ ಕಾಣುತ್ತೆ ಅಂದ. ಅದಕ್ಕೆ ವಿರೋಧವೂ ಬಂತು. ಸೊಬಗು ಅಂದ್ರೆ ಬರೀ ಆಸ್ತಿಯಾ ಅಂತ ಕೇಳಿದರು. ಆ ಜಗಳ ಒಳ್ಳೆಯದೇ. ನಮಗೆ ಅದರಿಂದ ಮೂರು ಪ್ರಶ್ನೆ ಸಿಕ್ಕರೆ ಸಾಕು:

ನೋಡುವವರು ಎಲ್ಲಿ ನಿಂತಿದ್ದಾರೆ?
ಕಾಣುತ್ತಿರುವ ನೆಲ ಯಾರದ್ದು?
ಇರಬೇಕಾದವರಲ್ಲಿ ಯಾರಿಲ್ಲ?

ಇವನ್ನು ಹಿಡಿದುಕೊಂಡು ನಮ್ಮ ಕಡೆಗೆ ಬರೋಣ.

3/8
ಚಿತ್ರ ಬರೆದ ಕೈ, ನಕ್ಷೆ ಬರೆದ ಕೈ

ಇಸವಿ 1791. ಕಾರ್ನ್‌ವಾಲಿಸ್ ಟಿಪ್ಪು ಮೇಲೆ ದಂಡೆತ್ತಿ ಮೈಸೂರು ಸೀಮೆಗೆ ಬಂದಿದ್ದಾನೆ. ದಂಡಿನ ಜೊತೆ ತೋಪು, ಎತ್ತು, ಡೇರೆ ಬಂದ ಹಾಗೆ ಬಣ್ಣದ ಪೆಟ್ಟಿಗೆಯೂ ಬಂತು. ರಾಬರ್ಟ್ ಹೋಮ್ ಅನ್ನೋ ಚಿತ್ರಕಾರ ಸೈನ್ಯದ ಹಿಂದೆಯೇ ನಡೆದ. 1794ರಲ್ಲಿ ಲಂಡನ್ನಿನಲ್ಲಿ ಅವನ 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' ಅಚ್ಚಾಯ್ತು. ಅದೇ ಹೊತ್ತಿಗೆ ಇನ್ನಿಬ್ಬರ ಪುಸ್ತಕವೂ ಬಂತು, ಅಲೆಕ್ಸಾಂಡರ್ ಅಲನ್ ಮತ್ತು ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಅವರದ್ದು. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಇವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಈ ಬಗೆಯ ಚಿತ್ರಗಳು ಚೆಂದ ಇವೆ, ಸುಳ್ಳು ಹೇಳಲ್ಲ. ಒಂದು ಬದಿಗೆ ನೆರಳು ಚೆಲ್ಲಿದ ಮರ, ಮುಂದೆ ಅಳತೆಗೆ ಇಟ್ಟ ಹಾಗೆ ಒಂದಿಬ್ಬರು ಊರಿನವರು, ನಡುವೆ ಬಯಲು, ದೂರದಲ್ಲಿ ತಿಳಿ ಬೆಳಕಿನ ಗಿರಿದುರ್ಗ. ಇಂಗ್ಲೆಂಡಿನಲ್ಲಿ ಆಗ ಹೀಗೆ ನೋಡೋದು ಫ್ಯಾಷನ್. ಪಿಕ್ಚರೆಸ್ಕ್ ಅನ್ನುತ್ತಿದ್ದರು. ವಿಲಿಯಂ ಗಿಲ್ಪಿನ್ 1782ರಲ್ಲಿ ವೈ ನದಿಯ ಪ್ರವಾಸದ ಪುಸ್ತಕ ಬರೆದು, ನಿಸರ್ಗವನ್ನು ಚಿತ್ರದ ಹಾಗೆ ಹೇಗೆ ನೋಡಬೇಕು ಅಂತ ಜನರಿಗೆ ಹೇಳಿಕೊಟ್ಟಿದ್ದ. ಪಾಳುಬಿದ್ದ ಗೋಡೆ, ಸೊಟ್ಟ ಮರ, ಮಂಜು ಇದ್ದರೆ ಒಳ್ಳೆಯ ದೃಶ್ಯ. ನಮ್ಮ ಫಿಲ್ಟರ್‌ಗಳ ಮುತ್ತಜ್ಜ ಅಂದ್ಕೊಳ್ಳಿ.

ಈಗ ಮೊದಲ ಪ್ರಶ್ನೆ: ಇವರು ಎಲ್ಲಿ ನಿಂತಿದ್ದರು? ಕೋಟೆ ಹಿಡಿಯಲು ಬಂದ ಸೈನ್ಯದ ಕಡೆ. ಅಲನ್ ಸ್ವತಃ ಸೈನಿಕ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬಿಳಿ ಬಾವುಟ ಹಿಡಿದು ಅರಮನೆಗೆ ಹೋದವನು ಅವನೇ. ಕೋಲ್‌ಬ್ರೂಕ್ ಸರ್ವೇಯರ್. 1794ರಲ್ಲಿ ಬಂಗಾಳದ ಸರ್ವೇಯರ್ ಜನರಲ್ ಆದ. ಬೆಟ್ಟದ ಎತ್ತರ ಅಳೆದ ಕಣ್ಣೇ ಬೆಟ್ಟದ ಬಣ್ಣವನ್ನೂ ನೋಡಿತ್ತು.

ಇದು ಆಕಸ್ಮಿಕ ಅಲ್ಲ. ಆಗಿನ್ನೂ ಕ್ಯಾಮೆರಾ ಇಲ್ಲ. ಶತ್ರುವಿನ ನಾಡಿನ ಇಳಿಜಾರು, ಹಳ್ಳ, ದಾರಿ ಎಲ್ಲವನ್ನೂ ಅಧಿಕಾರಿಯೇ ಗುರುತು ಮಾಡಿಕೊಳ್ಳಬೇಕಿತ್ತು. ಅದಕ್ಕೇ ಇಂಗ್ಲೆಂಡಿನ ವೂಲಿಚ್ ಸೈನಿಕ ಅಕಾಡೆಮಿಯಲ್ಲಿ ಪಾಲ್ ಸ್ಯಾಂಡ್‌ಬಿ ಅನ್ನೋ ಹೆಸರಾಂತ ನಿಸರ್ಗ ಚಿತ್ರಕಾರ 1768ರಿಂದ 1796ರವರೆಗೆ ಡ್ರಾಯಿಂಗ್ ಮೇಷ್ಟ್ರು. ಕಂಪನಿ 1809ರಲ್ಲಿ ಆಡಿಸ್ಕೂಂಬಿನಲ್ಲಿ ತನ್ನದೇ ಸೈನಿಕ ಶಾಲೆ ತೆರೆದಾಗ ಅಲ್ಲೂ ಚಿತ್ರಕಲೆ ಪಾಠದಲ್ಲಿತ್ತು.

4/8
ಜಾಗವೇ ಖಾಲಿ ಇಲ್ಲದ ಗೋಡೆ

ಅದೇ ಶ್ರೀರಂಗಪಟ್ಟಣದಲ್ಲಿ ಅದೇ ಕಾಲದ ಇನ್ನೊಂದು ಚಿತ್ರ ಇದೆ. ಶಾಲೆ ಟೂರ್‌ಗೆ ಹೋದಾಗ ನಾವು ಬಸ್ಸು ಹಿಡಿಯೋ ಅವಸರದಲ್ಲಿ ದಾಟಿಬಂದ ಗೋಡೆ ಅದು. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗಿನ ಪಶ್ಚಿಮದ ಗೋಡೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿ ಸೈನ್ಯವನ್ನು ಸೋಲಿಸಿದ್ದು ಅಲ್ಲಿದೆ.

ಕುದುರೆ, ಆನೆ, ಕೆಂಪು ಕೋಟಿನ ಸಿಪಾಯಿಗಳು, ಸ್ಫೋಟವಾಗುತ್ತಿರೋ ಮದ್ದಿನ ಬಂಡಿ, ನಡುವೆ ಪಲ್ಲಕ್ಕಿಯೊಳಗೆ ಕೂತ ಕರ್ನಲ್ ಬೇಲಿ. ಒಂದು ಕಡೆ ನಿಂತು 'ವ್ಯೂ' ನೋಡಿ ಅಂತ ಈ ಗೋಡೆ ಹೇಳಲ್ಲ. ನೀವೇ ಅದರ ಉದ್ದಕ್ಕೂ ನಡೆಯಬೇಕು. ಇಲ್ಲಿ ನೆಲ ಅಂದ್ರೆ ಜನ ತುಂಬಿದ ಜಾಗ. ಹೋಮ್ ಚಿತ್ರದಲ್ಲಿ ಕೋಟೆ ದೂರ, ಬಯಲು ಖಾಲಿ, ಯಾರಾದರೂ ಬಂದು ತುಂಬಲಿ ಅಂತ ಕಾದ ಹಾಗೆ. ಈ ಗೋಡೆಯಲ್ಲಿ ಬೆರಳಿಡಲೂ ಜಾಗ ಇಲ್ಲ.

ಹಾಗಂತ ಗೋಡೆ ಸತ್ಯ, ಪುಸ್ತಕ ಸುಳ್ಳು ಅನ್ನೋ ಹಾಗಿಲ್ಲ. ಗೋಡೆಯೂ ಗೆದ್ದವರು ಬರೆಸಿದ್ದೇ. ನಾವು ಕೊಡಗಿನಿಂದ ಹೋಗಿ ನೋಡುವಾಗ ಆ ಗೋಡೆಯಲ್ಲಿ ಇಲ್ಲದವರು ನೆನಪಾಗಬೇಕು. ಅದೇ ದಶಕದಲ್ಲಿ ಟಿಪ್ಪು ಸೈನ್ಯ ಕೊಡಗಿನಿಂದ ಜನರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತ್ತು. ಎಷ್ಟು ಜನ ಅನ್ನೋದರ ಬಗ್ಗೆ ಇವತ್ತಿಗೂ ವಾದ ಇದೆ, ಸೆರೆ ಹಿಡಿದದ್ದು ಮಾತ್ರ ನಿಜ. ನಮ್ಮ ದೊಡ್ಡವೀರರಾಜೇಂದ್ರನೇ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು.

ಆಮೇಲೆ ಅವನು ಏನು ಮಾಡಿದ? 1790ರಲ್ಲಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ. ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯಕ್ಕೆ ಕೊಡಗಿನ ಮೂಲಕ ದಾರಿ ಬಿಟ್ಟ. ಅವರಿಬ್ಬರ ಭೇಟಿಯ ನೆನಪಿಗೆ 1792ರಲ್ಲಿ ಕಟ್ಟಿದ ಊರೇ ನಮ್ಮ ವಿರಾಜಪೇಟೆ. ಟಿಪ್ಪುವಿನಿಂದ ಉಳಿಯಲು ತೆರೆದ ದಾರಿ ಅದು, ತಪ್ಪು ಅನ್ನಲು ನಾವ್ಯಾರು? ಆದರೆ ಒಮ್ಮೆ ತೆರೆದ ದಾರಿಯನ್ನು ದಾಟಿಹೋದವರು ನೆನಪಲ್ಲಿಟ್ಟುಕೊಳ್ಳುತ್ತಾರೆ.

5/8
ಕಡಂಗ, ಉಕ್ಕಡ, ಲೆಫ್ಟಿನೆಂಟ್ ಕಾನರ್

ಮಡಿಕೇರಿಯಿಂದ ಯಾವ ಕಡೆ ಹೋದರೂ ಕಾಡೊಳಗೆ, ತೋಟದೊಳಗೆ ಉದ್ದಕ್ಕೆ ಹರಿದ ಆಳದ ಕಂದಕ, ಅದರ ಪಕ್ಕ ಮಣ್ಣಿನ ದಿಣ್ಣೆ ಕಾಣುತ್ತೆ. ಅದೇ ಕಡಂಗ. ಹಿಂದಿನವರು ಗಡಿಗೆ, ಕಾವಲಿಗೆ, ಯುದ್ಧಕ್ಕೆ ಅಗೆದದ್ದು. ದಾರಿ ಒಳಗೆ ಬರೋ ಕಡೆ ಉಕ್ಕಡ, ಅಂದ್ರೆ ಕಾವಲು ಕಟ್ಟೆ. ಈಗ ಎರಡರ ಮೇಲೂ ಹುಲ್ಲು ಬೆಳೆದಿದೆ. ಫೋಟೋದಲ್ಲಿ ಬರೀ 'ಗ್ರೀನರಿ' ಅನ್ನಿಸೋ ಜಾಗ ಒಂದು ಕಾಲದ ರಕ್ಷಣಾ ಇಲಾಖೆ!

ರಾಜರ ಕಾಲದಲ್ಲಿ ಕೊಡಗಿನ ಕಾಡು ಗೋಡೆಯ ಕೆಲಸ ಮಾಡುತ್ತಿತ್ತು. ಒಳಗೆ ಬರಲು ಅಪ್ಪಣೆ ಬೇಕು. ಹಾಗೆ ಬಂದವರಲ್ಲಿ ಕರ್ನಲ್ ವೆಲ್ಷ್ ಒಬ್ಬ. 1811ರಲ್ಲಿ ಲಿಂಗರಾಜೇಂದ್ರನ ಅತಿಥಿಯಾಗಿ ಬೇಟೆ ಆಡಿಹೋದ. 1830ರಲ್ಲಿ ಅವನ ನೆನಪಿನ ಪುಸ್ತಕ ಲಂಡನ್ನಿನಲ್ಲಿ ಬಂತು, ಚಿತ್ರಗಳ ಸಮೇತ.

ಅವನಿಗಿಂತ ಮುಖ್ಯವಾದವನು ಲೆಫ್ಟಿನೆಂಟ್ ಕಾನರ್. 1815ರಿಂದ 1817ರವರೆಗೆ ಕೊಡಗನ್ನು ಸರ್ವೇ ಮಾಡಿದ. ಬೆಟ್ಟ, ಹೊಳೆ, ಘಾಟಿ, ನಾಡು, ಜನ ಎಲ್ಲವನ್ನೂ ದಾಖಲಿಸಿದ. ಆಗ ಪಟ್ಟದಲ್ಲಿದ್ದದ್ದು ಲಿಂಗರಾಜೇಂದ್ರ, ಕೊಡಗು ಕಂಪನಿಯ ಮಿತ್ರ. ಮಿತ್ರನ ಮನೆಯ ನಕ್ಷೆ ಬರೆದುಕೊಂಡು ಹದಿನೇಳು ವರ್ಷ ಆಗಿತ್ತು ಅಷ್ಟೆ, 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ನಾಲ್ಕು ದಿಕ್ಕಿನಿಂದ ಒಳಗೆ ನುಗ್ಗಿತು. ಉತ್ತರದ ಬಕ್ಕದಲ್ಲಿ ನಮ್ಮವರು ಅಡ್ಡಗಟ್ಟೆ ಹಾಕಿ ಹೊಡೆದರು, ಆ ತುಕಡಿ ತುಂಬಾ ಜನರನ್ನು ಕಳಕೊಂಡು ಹಿಂದೆ ಸರಿಯಿತು. ಆದರೂ ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆ ಕೈಬಿಟ್ಟಿತು. ಚಿಕ್ಕವೀರರಾಜೇಂದ್ರ ಶರಣಾದ. ಅದೇ ವರ್ಷ ಕಾನ್ಪುರದಲ್ಲಿ ರಾಬರ್ಟ್ ಹೋಮ್ ತೀರಿಕೊಂಡ.

ಸರ್ವೇಯಿಂದಲೇ ರಾಜ್ಯ ಹೋಯ್ತು ಅಂತ ನಾನು ಹೇಳ್ತಿಲ್ಲ. ಒಳಜಗಳ, ರಾಜನ ಕ್ರೌರ್ಯ, ಕಂಪನಿಯ ದುರಾಸೆ ಎಲ್ಲಾ ಸೇರಿತ್ತು. ಆದರೆ ನಕ್ಷೆಯ ಮೇಲೆ ಎಳೆದ ಗೆರೆಗೆ ಎಷ್ಟು ಬಲ ಅಂತ ನೋಡಿ. ಗೆದ್ದ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿದರು. 1837ರಲ್ಲಿ ರೈತರು ದಂಗೆ ಎದ್ದರು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ನಾವು ಸೆಲ್ಫಿ ತೆಗೆಯೋ ಕೋಟೆ.

6/8
1854

ಈ ಇಸವಿಯನ್ನು ಗುರುತು ಹಾಕಿಕೊಳ್ಳಿ.

1854ರಲ್ಲಿ ಲಂಡನ್ನಿನಲ್ಲಿ ವಿಂಟರ್‌ಹಾಲ್ಟರ್ ಅನ್ನೋ ರಾಜಮನೆತನಗಳ ಚಿತ್ರಕಾರ ಗೌರಮ್ಮನ ತೈಲಚಿತ್ರ ಬರೆದ. ಚಿಕ್ಕವೀರರಾಜೇಂದ್ರನ ಮಗಳು. ರಾಜ್ಯ ಹೋದ ಮೇಲೆ 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು. 1852ರಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ದೀಕ್ಷಾಸ್ನಾನ ಕೊಡಿಸಿದಳು. 'ಕೊಡಗಿನ ರಾಜಕುಮಾರಿ' ಅನ್ನೋ ಹೆಸರು ಉಳಿಯಿತು, ಕೊಡಗು ಉಳಿಯಲಿಲ್ಲ. ಚಿತ್ರ ಇಂದಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಅವಳು 1864ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡಳು.

ಅದೇ 1854ರಲ್ಲಿ ಮಡಿಕೇರಿ ಹತ್ತಿರ ಫೌಲರ್ ಅನ್ನೋನು ಕೊಡಗಿನ ಮೊದಲ ಯುರೋಪಿಯನ್ ಕಾಫಿ ಎಸ್ಟೇಟ್ ಶುರುಮಾಡಿದ. ಒಂದು ಕಡೆ ನೆಲ ಕಳಕೊಂಡ ಮನೆತನದ ಮಗಳು ಚೌಕಟ್ಟಿನೊಳಗೆ, ಇನ್ನೊಂದು ಕಡೆ ಆ ನೆಲದ ಮೇಲೆ ಹೊಸ ಗಿಡ. ಆಮೇಲಿನ ವರ್ಷಗಳಲ್ಲಿ ಕಾಡು ಕಡಿದು ತೋಟದ ಮೇಲೆ ತೋಟ ಎದ್ದವು. 'ಭಾರತದ ಸ್ಕಾಟ್ಲೆಂಡ್' ಅನ್ನೋ ಬಿರುದೂ ಆಂಗ್ಲರು ಕೊಟ್ಟದ್ದೇ. ನಾವು ಅದನ್ನು ಇವತ್ತಿಗೂ ಹೋಂಸ್ಟೇ ಬೋರ್ಡಿನ ಮೇಲೆ ಹೆಮ್ಮೆಯಿಂದ ಬರೆಸ್ತೀವಿ. ಬೇರೆಯವರು ತಮ್ಮ ಊರು ನೆನೆದು ಇಟ್ಟ ಹೆಸರಲ್ಲಿ ನಮ್ಮ ಊರನ್ನು ನಾವು ಕರೀತೀವಿ.

ನಮ್ಮ ಹಳಬರು ಹೇಗೆ ನೋಡುತ್ತಿದ್ದರು? ಅವರ ಮಾತಲ್ಲೇ ಇದೆ. ಅಕ್ಕಿಗೆ ಗದ್ದೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಕೊಡಲು ಬಾಣೆ. ಕೊಡಲಿ ಇಡಬಾರದ ದೇವರಕಾಡು. ಮನೆತನದ ಐನ್‌ಮನೆ. ಪ್ರತಿ ತುಂಡಿಗೂ ಒಂದು ಕೆಲಸ, ಒಂದು ಹೆಸರು. ದೂರ ನಿಂತು ನೋಡೋ 'ವ್ಯೂ' ಅನ್ನೋದಕ್ಕೆ ಅಲ್ಲಿ ಜಾಗ ಕಡಿಮೆ.

ಇದನ್ನೂ ಸ್ವರ್ಗ ಅಂದ್ಕೋಬೇಡಿ. ಆ ಗದ್ದೆಯಲ್ಲಿ ದುಡಿದವರಲ್ಲಿ ಎಷ್ಟೋ ಜನ ಜಮೀನಿನ ಜೊತೆಗೇ ಲೆಕ್ಕಕ್ಕೆ ಬರುತ್ತಿದ್ದ ಆಳುಗಳು, ಕೊಟ್ಟರೆ ಹೋಗಬೇಕಾದವರು. ಕಂಪನಿ ಆಳ್ವಿಕೆಯಲ್ಲಿ ಗುಲಾಮಗಿರಿಯ ಕಾನೂನು ಮಾನ್ಯತೆ ಹೋದದ್ದು 1843ರ ಕಾಯ್ದೆಯಿಂದ. ಜೀತ ನಿರ್ಮೂಲನೆಯ ಕಾಯ್ದೆ ಬಂದದ್ದು 1976ರಲ್ಲಿ. ನಡುವೆ 133 ವರ್ಷ. ಆ ವರ್ಷಗಳ ಉದ್ದಕ್ಕೂ ಬೆಟ್ಟ ಚೆಂದವಾಗಿಯೇ ಇತ್ತು.

7/8
ನಮ್ಮವರು ಕುಂಚ ಹಿಡಿದಾಗ

ಬಿಳಿಯರು ಮಾತ್ರ ಹೀಗೆ ನೋಡಿದ್ದಾ ಅಂತ ಕೇಳಬಹುದು. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು. 1926ರ ಹೊತ್ತಿಗೆ ಅವರು ಬರೆದ ಊಟಿಯ ಜಲವರ್ಣ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯ ಹೆಮ್ಮೆ. ಬೆಳದಿಂಗಳು, ಮಳೆಮೋಡ, ತೋಯ್ದ ಬೆಟ್ಟ. ನೋಡ್ತಾ ನಿಂತರೆ ಚಳಿ ಆಗುತ್ತೆ. ಆದರೆ ಊಟಿ ಆಗ ಆಂಗ್ಲರ ಬೇಸಿಗೆ ರಾಜಧಾನಿ. ನೀಲಗಿರಿಯ ತೋಡರು, ಬಡಗರು ಆ ತಂಪಿನೊಳಗೆ ಎಲ್ಲಿದ್ದಾರೆ ಅನ್ನೋ ಪ್ರಶ್ನೆ ವೆಂಕಟಪ್ಪನವರ ಕೈಚಳಕವನ್ನು ಕಮ್ಮಿ ಮಾಡಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬಹುದು.

ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ಆಗ ಅದು ಬರೀ ಸಂಭ್ರಮ ಅನ್ನಿಸಿರಬಹುದು. ಈಗ ರಸ್ತೆ ಅಗಲ ಮಾಡಲು ಮರ ಉರುಳಿದ ಮೇಲೆ ಅದೇ ಚಿತ್ರ ಸಾಕ್ಷಿ ಹೇಳೋ ಹಾಗೆ ಕಾಣುತ್ತೆ. ಚಿತ್ರ ಬದಲಾಗಿಲ್ಲ, ಸುತ್ತಲಿನ ಊರು ಬದಲಾಯ್ತು.

ಈಗ ನನ್ನ ಫೋಟೋಗೆ ಬನ್ನಿ. ಕಾಫಿ ಹೊರಗಿಂದ ಬಂದ ಗಿಡ. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಬೇಗ ಬೆಳೆಯುತ್ತೆ, ಮಾರೋದು ಸುಲಭ, ಅದಕ್ಕೇ ಹಳೆ ಕಾಡುಮರದ ಜಾಗದಲ್ಲಿ ಅದು ನಿಂತಿದೆ. 'ನೇಚರ್' ಅಂತ ನಾನು ಬರೆದಿದ್ದ ಹಸಿರು ಪೂರ್ತಿ ಲೆಕ್ಕಾಚಾರದ ಹಸಿರು. ಕಾಳುಮೆಣಸು ಒಂದೇ ಅಲ್ಲಿ ನಮ್ಮ ಘಟ್ಟದ್ದು.

2018ರ ಆಗಸ್ಟ್ ನಿಮಗೆಲ್ಲ ನೆನಪಿರುತ್ತೆ. ಹಸಿರು ಬೆಟ್ಟದ ಮೈಮೇಲೆ ಕೆಂಪು ಗೀರು ಬಿದ್ದು ಮನೆ, ತೋಟ, ಜನ ಕೊಚ್ಚಿಹೋದರು. ಮಳೆ ವಿಪರೀತ ಇತ್ತು. ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. 'ವ್ಯೂ' ಬೇಕು ಅಂತ ಬೆಟ್ಟದ ಅಂಚಿಗೇ ಕಟ್ಟಡ ಕಟ್ಟುವವರಿಗೆ ಆ ಮಾತು ಇನ್ನೂ ಕೇಳಿಸಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 2016ರ ಡಿಸೆಂಬರ್‌ನಲ್ಲಿ, ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ತೆರವಾಯ್ತು. ಸರ್ಕಾರ ಅದು ಅರಣ್ಯ ಅಂತು. ಜನ ನಮಗೆ ಲೈನ್ ಮನೆ ಬಿಟ್ಟರೆ ನೆಲವೇ ಇಲ್ಲ ಅಂದರು. ಮರಗಳು ಅವೇ. ಒಬ್ಬರ ಕಣ್ಣಿಗೆ ಕಾಡು, ಇನ್ನೊಬ್ಬರ ಕಣ್ಣಿಗೆ ಮನೆಯ ಅಂಗಳ.

8/8
ಈ ಸ್ಲೈಡ್‌ನಲ್ಲಿ ಚಿತ್ರ ಇಲ್ಲ

ಇಷ್ಟೆಲ್ಲ ಓದಿದ ಮೇಲೆ ನನಗೆ ಹುಮ್ಮಸ್ಸು ಬಂತು. ಕ್ರಾಪ್ ಮಾಡದ ಫೋಟೋ ಹಾಕ್ತೀನಿ, ತಪ್ಪು ತಿದ್ದಿಕೊಳ್ತೀನಿ ಅಂತ ಗೆಳತಿಗೆ ಹೇಳಿದೆ. ಅವಳಿಗೆ ಖುಷಿ ಆಗುತ್ತೆ ಅಂದ್ಕೊಂಡಿದ್ದೆ.

"ಬೇಡ" ಅಂದಳು.

ಯಾಕೆ ಅಂದೆ.

"ಆಗ ನಮ್ಮ ಮನೆ ತೆಗೆದು ಚೆಂದ ಮಾಡಿದೆ. ಈಗ ನಮ್ಮ ಮನೆ ತೋರಿಸಿ ಅಯ್ಯೋ ಪಾಪ ಅನ್ನಿಸ್ತೀಯ. ಎರಡು ಸಲವೂ ಕೇಳಿದ್ಯಾ?"

ಕೇಳಿರಲಿಲ್ಲ. ಮೂರು ಪ್ರಶ್ನೆ ಬಾಯಿಪಾಠ ಮಾಡಿಕೊಂಡಿದ್ದ ನಾನು ಮೊದಲನೇದನ್ನೇ ಮರೆತಿದ್ದೆ. ಎರಡೂ ಸಲ ನಾನು ಅದೇ ಏರಿನ ಮೇಲೆ, ರಸ್ತೆ ಪಕ್ಕ ನಿಂತೇ ನೋಡಿದ್ದೆ.

ಆಮೇಲೆ ಒಂದು ಸಂಜೆ ಅವಳೇ ಒಂದು ಫೋಟೋ ಕಳಿಸಿದಳು. ಅವಳ ಮನೆಯ ಹೊಸ್ತಿಲಲ್ಲಿ ಕೂತು ತೆಗೆದದ್ದು. ಒಂದು ಬದಿಗೆ ಬಾಗಿಲ ಕಂಬ. ಮುಂದೆ ಕಾಫಿ ಒಣಹಾಕಿದ ಕಣ, ಕಣದ ಆಚೆ ಮೆಟ್ಟಿಲು, ಮೆಟ್ಟಿಲ ಮೇಲೆ ಬಂಗಲೆಯ ಗೋಡೆ. ಬೆಟ್ಟ ಇಲ್ಲ. ಮಂಜು ಇಲ್ಲ. ಆ ಹೊಸ್ತಿಲಿನಿಂದ ಬೆಟ್ಟ ಕಾಣೋದೇ ಇಲ್ಲವಂತೆ. ಹುಟ್ಟಿದಾಗಿನಿಂದ ಅದೇ ಬೆಟ್ಟದ ಬುಡದಲ್ಲಿದ್ದಾಳೆ.

"ಇದನ್ನ ಹಾಕಲಾ?" ಅಂತ ಈ ಸಲ ಕೇಳಿದೆ.

"ಹಾಕಬೇಡ. ಬೇಕಾದ್ರೆ ಬರಿ" ಅಂದಳು. ಬರೆದದ್ದನ್ನು ಮೊದಲು ಅವಳೇ ಓದಿದಳು. ಎರಡು ಸಾಲು ತೆಗೆಸಿದಳು. ಅವು ಏನು ಅಂತ ಹೇಳಲ್ಲ.

ಹಳೇ ಫೋಟೋವನ್ನು ಡಿಲೀಟ್ ಮಾಡಿಲ್ಲ. ಅದು ಇಲ್ಲೇ ಇದೆ, ಹೋಗಿ ನೋಡಿ. ಎಡಗಡೆ ಕೆಳಮೂಲೆ ನೋಡಿ. ಅಲ್ಲಿ ಏನೂ ಕಾಣಲ್ಲ, ಆದರೆ ಏನಿತ್ತು ಅಂತ ಈಗ ನಿಮಗೆ ಗೊತ್ತು.

ನಿಮಗೊಂದು ಕೆಲಸ ಕೊಡ್ತೀನಿ. ನಿಮ್ಮ ಗ್ಯಾಲರಿಯಲ್ಲಿ ನಿಮಗೆ ತುಂಬಾ ಇಷ್ಟವಾದ ಒಂದು ಬೆಟ್ಟದ, ಹೊಳೆಯ, ಗದ್ದೆಯ ಫೋಟೋ ತೆಗೀರಿ. ಎಲ್ಲಿ ನಿಂತು ತೆಗೆದಿರಿ, ಆ ನೆಲ ಯಾರದ್ದು, ಯಾರು ಅಲ್ಲಿದ್ದೂ ಫೋಟೋದಲ್ಲಿಲ್ಲ ಅಂತ ಮೂರು ಸಾಲು ಬರೀರಿ. ಇನ್ನೊಬ್ಬರ ಮನೆ ಅದರಲ್ಲಿದ್ದರೆ ಹಾಕುವ ಮೊದಲು ಅವರನ್ನ ಕೇಳಿ. ಬೇಡ ಅಂದ್ರೆ ಬೇಡ.

#ಕೊಡಗು #ಕೊಡಗಿನಇತಿಹಾಸ #ನಿಸರ್ಗಚಿತ್ರ #ಲೈನ್‌ಮನೆ #ನೋಡುವಬಗೆ